ಐರಿಷ್ ವೃತ್ತಿಪರ ಸ್ನೂಕರ್ ಚಾಂಪಿಯನ್‌ಷಿಪ್: ಇಬ್ಬರ ಆಸ್ತಿಯೋ, ಇಡೀ ದ್ವೀಪದ ಪಟ್ಟವೋ?

ಹಸಿರುಮೇಜು:
ಐರ್ಲೆಂಡಿನ ವೃತ್ತಿಪರ ಸ್ನೂಕರ್ ಚಾಂಪಿಯನ್‌ಷಿಪ್‌ನ ವಿಜೇತರ ಪಟ್ಟಿಯನ್ನು ನೋಡಿದಾಗಲೆಲ್ಲ ನನ್ನಲ್ಲಿ ಒಂದು ತಕರಾರು ಏಳುತ್ತದೆ. ಡಂಗ್ಯಾನನ್ ಊರಿನ ಜಾಕಿ ರೇ ಸುಮಾರು ಎರಡು ದಶಕಗಳ ಕಾಲ ಪಟ್ಟವನ್ನು ಬಿಟ್ಟುಕೊಡಲಿಲ್ಲ. 1972ರಲ್ಲಿ ಅಲೆಕ್ಸ್ ಹಿಗ್ಗಿನ್ಸ್ ಬಂದು ರೇ ಅವರನ್ನು ಕೆಳಗಿಳಿಸಿದ ಮೇಲೆ 1987ರವರೆಗೆ ಅದು ಹಿಗ್ಗಿನ್ಸ್ ಮತ್ತು ಡೆನ್ನಿಸ್ ಟೇಲರ್ ಎಂಬ ಇಬ್ಬರ ಕೈಯಿಂದ ಆಚೆಗೆ ಹೋಗಲೇ ಇಲ್ಲ. ಇಷ್ಟು ದೀರ್ಘ ಅವಧಿಗೆ ಮೂರೇ ಹೆಸರುಗಳಿರುವ ಪಟ್ಟಿಯನ್ನು ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂದು ಗೌರವದಿಂದ ಕರೆಯುವುದು ಹೇಗೆ?

ಎರಡನೆಯ ಪ್ರಶ್ನೆ ಇನ್ನೂ ತೊಡಕಿನದು. ಇಲ್ಲಿ ರಾಷ್ಟ್ರ ಯಾವುದು? ಆ ಮೂವರೂ ಉತ್ತರ ಐರ್ಲೆಂಡಿನವರು, ಎಂದರೆ ಬ್ರಿಟಿಷ್ ಆಡಳಿತದ ಭಾಗದವರು. ಆದರೆ ಪಂದ್ಯಾವಳಿಯಲ್ಲಿ ದಕ್ಷಿಣದ ಸ್ವತಂತ್ರ ಐರಿಷ್ ಗಣರಾಜ್ಯದ ಡಬ್ಲಿನ್‌ನವರಿಗೂ ಸಮಾನ ಹಕ್ಕಿತ್ತು. ಎರಡು ಸರ್ಕಾರಗಳ ಕೆಳಗಿರುವ ಒಂದು ದ್ವೀಪಕ್ಕೆ ಒಂದೇ ಚಾಂಪಿಯನ್ ಎಂಬ ಏರ್ಪಾಡು, ಅದೂ ಪ್ರಾಟೆಸ್ಟಂಟ್–ಕ್ಯಾಥೊಲಿಕ್ ಸಂಘರ್ಷದಿಂದ ಉತ್ತರದ ಬೆಲ್‌ಫಾಸ್ಟ್‌ನಲ್ಲಿ ಬಾಂಬುಗಳು ಸಿಡಿಯುತ್ತಿದ್ದ ದಶಕಗಳಲ್ಲಿ, ಹೇಗೆ ನಡೆದುಕೊಂಡು ಬಂತು? ಬಲ್ಲವರು ತಿಳಿಸಬೇಕು.

ಫ್ರೇಮುಗಣಕ:
ಮೊದಲ ಪ್ರಶ್ನೆಗೆ ಉತ್ತರ ಪಂದ್ಯಾವಳಿಯ ಸ್ವರೂಪದಲ್ಲೇ ಇದೆ. ರೇ ಅವರ ಕಾಲದಲ್ಲಿ ಅದು ಸೋತವರು ಹೊರಬೀಳುತ್ತ ಸುತ್ತುಸುತ್ತಾಗಿ ನಡೆಯುವ ನಾಕೌಟ್ ಸ್ಪರ್ಧೆಯಾಗಿರಲಿಲ್ಲ. ಕುಸ್ತಿಯ ಗದೆಯಂತೆ, ಪಟ್ಟ ಹಿಡಿದವನಿಗೆ ಯಾರಾದರೂ ಸವಾಲು ಹಾಕಿ, ಹಣದ ವ್ಯವಸ್ಥೆಯಾಗಿ, ಸಭಾಂಗಣ ಗೊತ್ತಾದರೆ ಮಾತ್ರ ಪಂದ್ಯ ನಡೆಯುತ್ತಿತ್ತು. ಸವಾಲು ಬಾರದ ವರ್ಷಗಳಲ್ಲಿ ಚಾಂಪಿಯನ್ ಚಾಂಪಿಯನ್ನಾಗಿಯೇ ಉಳಿಯುತ್ತಿದ್ದ. ಆದ್ದರಿಂದ ರೇ ಅವರ ಎರಡು ದಶಕಗಳನ್ನು ಸತತ ಇಪ್ಪತ್ತು ಗೆಲುವುಗಳೆಂದು ಓದಿಕೊಳ್ಳಬಾರದು.

ಪೂರ್ವಪಕ್ಷ:
ಹಾಗಾದರೆ ಮೂಲ ಪ್ರಶ್ನೆಯ ತಕರಾರು ಇನ್ನಷ್ಟು ಗಟ್ಟಿಯಾಯಿತಲ್ಲವೇ? ಎದುರಾಳಿಯೇ ಇಲ್ಲದ ಪಟ್ಟಕ್ಕೆ ಯಾವ ಬೆಲೆ?

ಹಳೇ ಮಾರ್ಕರ್:
ಬೆಲೆಯನ್ನು ಆ ಕಾಲದ ಅಳತೆಗೋಲಿನಿಂದಲೇ ಅಳೆಯಬೇಕು, ಸ್ವಾಮಿ. ಐವತ್ತರ ದಶಕದಲ್ಲಿ ವೃತ್ತಿಪರ ಸ್ನೂಕರ್ ಇಂಗ್ಲೆಂಡಿನಲ್ಲೇ ಕುತ್ತಿಗೆಮಟ್ಟ ಮುಳುಗಿತ್ತು. 1957ರಲ್ಲಿ ಜರ್ಸಿ ದ್ವೀಪದಲ್ಲಿ ನಡೆದ ವಿಶ್ವ ಪಂದ್ಯಾವಳಿಗೆ ಹೆಸರು ಕೊಟ್ಟವರು ನಾಲ್ಕೇ ಜನ. ಅದರ ಫೈನಲ್‌ನಲ್ಲಿ ಜಾನ್ ಪುಲ್ಮನ್ ಎದುರು 39–34 ಫ್ರೇಮುಗಳಿಂದ (ಫ್ರೇಮ್ ಎಂದರೆ ಪಂದ್ಯದೊಳಗಿನ ಒಂದು ಆಟ) ಸೋತವರು ಇದೇ ಜಾಕಿ ರೇ. ಅದಾದ ಮೇಲೆ 1964ರವರೆಗೆ ವಿಶ್ವ ಚಾಂಪಿಯನ್‌ಷಿಪ್ಪೇ ನಡೆಯಲಿಲ್ಲ. ಮತ್ತೆ ಆರಂಭವಾದಾಗ ಅದೂ ಸವಾಲಿನ ಪದ್ಧತಿಯಲ್ಲೇ ನಡೆದು, 1968ರವರೆಗೆ ಪುಲ್ಮನ್ ಒಬ್ಬರೇ ಪಟ್ಟ ಉಳಿಸಿಕೊಂಡರು. ವಿಶ್ವ ಪಟ್ಟದ ಗತಿಯೇ ಹೀಗಿರುವಾಗ ಐರಿಷ್ ಪಟ್ಟವೊಂದನ್ನೇ ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ.

ಇನ್ನೊಂದು ಮಾತು. 73 ಫ್ರೇಮುಗಳ ವಿಶ್ವ ಫೈನಲ್‌ನಲ್ಲಿ ಪುಲ್ಮನ್‌ಗೆ ಐದು ಫ್ರೇಮಿನ ಅಂತರದವರೆಗೆ ಬೆವರಿಳಿಸಿದ ಆಟಗಾರ ಎದುರಾಳಿಯಿಲ್ಲದ್ದಕ್ಕೆ ಮಾತ್ರ ಚಾಂಪಿಯನ್ ಆಗಿದ್ದನೆಂದು ಹೇಳಲಾಗದು. ‘ನ್ಯೂಸ್ ಆಫ್ ದಿ ವರ್ಲ್ಡ್’ ಪತ್ರಿಕೆ ನಡೆಸುತ್ತಿದ್ದ, ದುರ್ಬಲರಿಗೆ ಮುನ್ನಡೆ ಕೊಟ್ಟು ಆಡಿಸುವ ಹ್ಯಾಂಡಿಕ್ಯಾಪ್ ಪಂದ್ಯಾವಳಿಯನ್ನೂ ರೇ 1954–55ರಲ್ಲಿ ಗೆದ್ದಿದ್ದರು. ಪ್ರದರ್ಶನ ಪಂದ್ಯಗಳಲ್ಲಿ ಚಮತ್ಕಾರದ ಹೊಡೆತಗಳಿಂದ, ವಿನೋದದ ಮಾತುಗಳಿಂದ ಜನರನ್ನು ನಗಿಸುತ್ತಿದ್ದರು ಎಂಬ ಕಾರಣಕ್ಕೆ ಅವರ ಆಟವನ್ನು ಹಗುರವಾಗಿ ಕಾಣುವ ಅಭ್ಯಾಸ ಬೆಳೆದಿದೆ. ನಗಿಸುತ್ತಿದ್ದುದು ಹೊಟ್ಟೆಪಾಡಿಗೆ. ಪಂದ್ಯಾವಳಿಗಳಿಲ್ಲದ ಕಾಲದಲ್ಲಿ ವೃತ್ತಿಪರನೊಬ್ಬ ಬದುಕಬೇಕಾದರೆ ಕ್ಲಬ್ಬಿನಿಂದ ಕ್ಲಬ್ಬಿಗೆ ಪ್ರದರ್ಶನ ಕೊಡುತ್ತ ಅಲೆಯುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ.

ಕೆಂಪು ಹದಿನೈದು:
1969ರಲ್ಲಿ ಬಿಬಿಸಿ ಆರಂಭಿಸಿದ ‘ಪಾಟ್ ಬ್ಲ್ಯಾಕ್’ ಕಾರ್ಯಕ್ರಮದ ಮೊದಲ ಸರಣಿಯ ಎಂಟು ಮಂದಿಯಲ್ಲಿ ರೇ ಕೂಡ ಇದ್ದರು ಎಂಬುದನ್ನು ಸೇರಿಸುತ್ತೇನೆ. ಬಣ್ಣದ ಟಿವಿಯನ್ನು ಜನರಿಗೆ ತೋರಿಸಲು ಬಣ್ಣಬಣ್ಣದ ಚೆಂಡುಗಳ ಆಟ ಬೇಕಾಗಿತ್ತು. ಸ್ನೂಕರ್ ಬದುಕಿಕೊಂಡದ್ದು ಹಾಗೆ.

ಕಪ್ಪುಚೆಂಡು:
1972ರ ಪಂದ್ಯದ ಬಗ್ಗೆ ಯಾರೂ ವಿವರವಾಗಿ ಬರೆಯುತ್ತಿಲ್ಲ. ಹಿಗ್ಗಿನ್ಸ್ ಗೆದ್ದದ್ದು 28–12ರಿಂದ. ಅಂದರೆ 55 ಫ್ರೇಮುಗಳಿಗೆ (ಮೊದಲು 28 ಗೆದ್ದವನೇ ವಿಜೇತ) ಗೊತ್ತುಮಾಡಿದ್ದ ಪಂದ್ಯ ನಾಲ್ವತ್ತಕ್ಕೇ ಮುಗಿಯಿತು. ರೇ ಅವರಿಗೆ ಆಗ ಐವತ್ತು ವರ್ಷ, ಹಿಗ್ಗಿನ್ಸ್‌ಗೆ ಇಪ್ಪತ್ತೆರಡು. ಬೆಲ್‌ಫಾಸ್ಟ್‌ನ ಜಾಮ್‌ಪಾಟ್ ಎಂಬ ಬಿಲಿಯರ್ಡ್ಸ್ ಅಂಗಡಿಯಲ್ಲಿ ಕ್ಯೂ ಕೋಲು ಹಿಡಿಯಲು ಕಲಿತು, ಹದಿಹರೆಯದಲ್ಲಿ ಕುದುರೆ ಜಾಕಿಯಾಗಲು ಇಂಗ್ಲೆಂಡಿಗೆ ಹೋಗಿ, ಅದು ಕೈಗೂಡದೆ ಹಿಂದಿರುಗಿ, 1968ರಲ್ಲಿ ಅಖಿಲ ಐರ್ಲೆಂಡ್ ಅಮೆಚೂರ್ (ಹವ್ಯಾಸಿ) ಪಟ್ಟ ಗೆದ್ದ ಹುಡುಗ ಆತ. ರೇ ಅವರನ್ನು ಸೋಲಿಸಿದ ವರ್ಷವೇ ಬರ್ಮಿಂಗ್‌ಹ್ಯಾಮ್‌ನ ಸೆಲ್ಲಿ ಪಾರ್ಕ್‌ನ ಬ್ರಿಟಿಷ್ ಲೀಜನ್ ಸಭಾಂಗಣದಲ್ಲಿ ಜಾನ್ ಸ್ಪೆನ್ಸರ್ ಅವರನ್ನು ಮಣಿಸಿ ವಿಶ್ವ ಚಾಂಪಿಯನ್ ಆದ. ಗಣಿ ಕಾರ್ಮಿಕರ ಮುಷ್ಕರದಿಂದ ವಿದ್ಯುತ್ ಕೈಕೊಡುತ್ತಿದ್ದ ದಿನಗಳವು. ಐರಿಷ್ ಪಟ್ಟ ಆತನ ಪಾಲಿಗೆ ಮೊದಲ ಮೆಟ್ಟಿಲು.

ಪೂರ್ವಪಕ್ಷ:
ಮೆಟ್ಟಿಲು ಎಂದು ನೀವೇ ಹೇಳಿದಿರಿ. ಮೆಟ್ಟಿಲನ್ನು ಯಾರೂ ಗುರಿ ಎನ್ನುವುದಿಲ್ಲ.

ಡಬ್ಲಿನ್‌ವಾಸಿ:
ನಾನು ಕೆಲಸದ ನಿಮಿತ್ತ ಬೆಂಗಳೂರಿನಿಂದ ಡಬ್ಲಿನ್‌ಗೆ ಬಂದು ನೆಲೆಸಿದವನು. ಇಲ್ಲಿನ ಕ್ಲಬ್ಬುಗಳಲ್ಲಿ ವಯಸ್ಸಾದವರೊಂದಿಗೆ ಮಾತನಾಡುವಾಗ ಎರಡನೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಐರ್ಲೆಂಡಿನಲ್ಲಿ ಕ್ರೀಡೆಗಳು ಗಡಿಯನ್ನು ಒಂದೇ ರೀತಿ ಕಂಡಿಲ್ಲ. ಫುಟ್‌ಬಾಲ್ ಎರಡಾಗಿ ಒಡೆದು, ಬೆಲ್‌ಫಾಸ್ಟ್‌ಗೊಂದು ಡಬ್ಲಿನ್‌ಗೊಂದು ತಂಡವಾಯಿತು. ರಗ್ಬಿ ಮಾತ್ರ ಒಡೆಯದೆ ಇಂದಿಗೂ ಇಡೀ ದ್ವೀಪದ ತಂಡವಾಗಿ ಆಡುತ್ತಿದೆ. ಸ್ನೂಕರ್‌ನಲ್ಲಿ ಅಮೆಚೂರ್ ಆಟಕ್ಕೆ ಉತ್ತರದಲ್ಲೂ ದಕ್ಷಿಣದಲ್ಲೂ ಪ್ರತ್ಯೇಕ ಚಾಂಪಿಯನ್‌ಷಿಪ್‌ಗಳಿದ್ದವು. ಆದರೆ ವೃತ್ತಿಪರರ ಸಂಖ್ಯೆ ಬೆರಳೆಣಿಕೆಯಷ್ಟಿದ್ದಾಗ ಅವರನ್ನು ಎರಡು ಪಾಲು ಮಾಡಿದರೆ ಯಾವ ಪಾಲಿನಲ್ಲೂ ಒಂದು ಪಂದ್ಯಕ್ಕೆ ಬೇಕಾದಷ್ಟು ಜನ ಉಳಿಯುತ್ತಿರಲಿಲ್ಲ. ಆದ್ದರಿಂದ ಈ ಪಟ್ಟ ಇಡೀ ದ್ವೀಪದ್ದಾದುದರ ಹಿಂದೆ ದೊಡ್ಡ ಆದರ್ಶವೇನೂ ಇರಲಿಲ್ಲ, ಜನರ ಅಭಾವವಿತ್ತು ಎಂಬುದು ನನ್ನ ಅನಿಸಿಕೆ.

ಆದರೆ ಅಭಾವದಿಂದ ಹುಟ್ಟಿದ ಏರ್ಪಾಡೂ ಕಾಲಕ್ರಮದಲ್ಲಿ ಅರ್ಥ ಪಡೆದುಕೊಳ್ಳುತ್ತದೆ. ಹಿಗ್ಗಿನ್ಸ್ ಬೆಲ್‌ಫಾಸ್ಟ್‌ನ ಪ್ರಾಟೆಸ್ಟಂಟ್ ಕಾರ್ಮಿಕ ಬಡಾವಣೆಯ ಹುಡುಗ. ಟೇಲರ್ ಟೈರೋನ್ ಜಿಲ್ಲೆಯ ಕೋಲ್‌ಐಲ್ಯಾಂಡ್ ಎಂಬ ಚಿಕ್ಕ ಊರಿನ ಕ್ಯಾಥೊಲಿಕ್. ಇಬ್ಬರೂ ಹುಟ್ಟಿದ್ದು 1949ರಲ್ಲಿ. ಅವರು ಪಟ್ಟಕ್ಕಾಗಿ ಸೆಣಸುತ್ತಿದ್ದ ವರ್ಷಗಳಲ್ಲಿ ಬೆಲ್‌ಫಾಸ್ಟ್‌ನ ಒಂದು ಬೀದಿಯವರು ಇನ್ನೊಂದು ಬೀದಿಗೆ ಕಾಲಿಡಲು ಹಿಂಜರಿಯುತ್ತಿದ್ದರು. ಅದೇ ನಗರದ ಅಲ್ಸ್ಟರ್ ಹಾಲ್‌ನಲ್ಲಿ ಈ ಇಬ್ಬರು ಒಂದೇ ಪಟ್ಟಕ್ಕಾಗಿ ಆಡುವುದನ್ನು ಎರಡೂ ಸಮುದಾಯದವರು ಟಿಕೆಟ್ ಕೊಂಡು ನೋಡುತ್ತಿದ್ದರು. ಆ ಸಭಾಂಗಣ 1862ರಷ್ಟು ಹಳೆಯದು. ಸಂಗೀತ ಕಛೇರಿಗಳಿಗೂ ರಾಜಕೀಯ ಸಭೆಗಳಿಗೂ ಒಂದೇ ವೇದಿಕೆಯಾಗಿದ್ದ ಜಾಗ ಅದು.

ಫ್ರೇಮುಗಣಕ:
ಹಿಗ್ಗಿನ್ಸ್–ಟೇಲರ್ ಫೈನಲ್‌ಗಳ ಲೆಕ್ಕವನ್ನು ಒಟ್ಟಿಗೆ ಇಡುತ್ತೇನೆ. 1978ರಲ್ಲಿ ಹಿಗ್ಗಿನ್ಸ್ 21–7, 1979ರಲ್ಲಿ ಮತ್ತೆ ಹಿಗ್ಗಿನ್ಸ್ 21–13. 1980ರಲ್ಲಿ ಟೇಲರ್ 21–15ರಿಂದ ಮೊದಲ ಬಾರಿಗೆ ಪಟ್ಟ ಕಿತ್ತುಕೊಂಡರು. 1982ರಲ್ಲಿ ಟೇಲರ್ 16–13, 1983ರಲ್ಲಿ ಹಿಗ್ಗಿನ್ಸ್ 16–11, 1985ರಲ್ಲಿ ಟೇಲರ್ 10–5, 1986ರಲ್ಲಿ ಟೇಲರ್ 10–7.

ಗೆದ್ದವರ ಹೆಸರಿಗಿಂತ ನನಗೆ ಕುತೂಹಲ ಹುಟ್ಟಿಸುವುದು ಎಡಗಡೆಯ ಅಂಕಿ. ಗೆಲ್ಲಲು ಬೇಕಿದ್ದ ಫ್ರೇಮುಗಳು 1972ರಲ್ಲಿ 28, ಎಪ್ಪತ್ತರ ದಶಕದ ಕೊನೆಗೆ 21, ಆಮೇಲೆ 16, ಆಮೇಲೆ 10, ಕೊನೆಗೆ 9. ಹದಿನೈದು ವರ್ಷಗಳಲ್ಲಿ ಫೈನಲ್ ಮೂರನೇ ಒಂದು ಭಾಗಕ್ಕೆ ಇಳಿಯಿತು. ದಿನಗಟ್ಟಲೆ ನಡೆಯುವ ಪಂದ್ಯವನ್ನು ಟಿವಿಯೂ ಪ್ರಾಯೋಜಕರೂ ಸಹಿಸುವುದಿಲ್ಲ. ನಾಕೌಟ್ ಬಂದ ಮೇಲೆ ಒಂದೇ ವಾರದಲ್ಲಿ ಹಲವು ಸುತ್ತುಗಳನ್ನು ಮುಗಿಸಬೇಕಾಯಿತು.

ಶಿವಾಜಿನಗರದ ಕ್ಯೂ:
ಫೈನಲ್‌ಗಳಲ್ಲಿ ಹಿಗ್ಗಿನ್ಸ್‌ದೇ ಮೇಲುಗೈ ಎಂದು ಎಲ್ಲೋ ಓದಿದ್ದೆ. ಈ ಪಟ್ಟಿ ಹಾಗೆ ಹೇಳುತ್ತಿಲ್ಲವಲ್ಲ?

ಫ್ರೇಮುಗಣಕ:
ಹೇಳುವುದಿಲ್ಲ. ಮೇಲಿನ ಏಳು ಫೈನಲ್‌ಗಳಲ್ಲಿ ಟೇಲರ್‌ಗೆ ನಾಲ್ಕು, ಹಿಗ್ಗಿನ್ಸ್‌ಗೆ ಮೂರು. ಒಟ್ಟು ಪಟ್ಟಗಳಲ್ಲೂ ಟೇಲರ್ ಆರು ಬಾರಿ ಗೆದ್ದಿದ್ದಾರೆ, ಹಿಗ್ಗಿನ್ಸ್ ಐದು ಬಾರಿ. ಹಿಗ್ಗಿನ್ಸ್ ಆಡುವಾಗ ಕಣ್ಣು ಅವರ ಮೇಲೆಯೇ ಇರುತ್ತಿತ್ತು. ಆದ್ದರಿಂದ ಗೆದ್ದವರೂ ಅವರೇ ಎಂಬ ಭ್ರಮೆ ಜನರಲ್ಲಿ ಉಳಿದುಕೊಂಡಿದೆ.

ಕಪ್ಪುಚೆಂಡು:
1982ರ ಫೈನಲ್ ಬಗ್ಗೆ ಒಂದು ಮಾತು ಹೇಳದಿದ್ದರೆ ಟೇಲರ್‌ಗೆ ಅನ್ಯಾಯ ಮಾಡಿದಂತಾಗುತ್ತದೆ. ಆ ವರ್ಷ ಐರಿಷ್ ಪಟ್ಟಕ್ಕಾಗಿ ಟೇಲರ್ ಎದುರು ಸೋತ ಹಿಗ್ಗಿನ್ಸ್, ಅದೇ ವರ್ಷ ಷೆಫೀಲ್ಡ್‌ನ ಕ್ರೂಸಿಬಲ್ ರಂಗಮಂದಿರದಲ್ಲಿ ವೇಲ್ಸ್‌ನ ರೇ ರಿಯರ್ಡನ್ ಅವರನ್ನು 18–15ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. ಅಂದರೆ 1982ರಲ್ಲಿ ವಿಶ್ವ ಚಾಂಪಿಯನ್ ಆದವರು ತಮ್ಮ ದ್ವೀಪದ ಚಾಂಪಿಯನ್ ಆಗಿರಲಿಲ್ಲ. ಇಬ್ಬರ ಆಸ್ತಿ ಎಂದು ಹಂಗಿಸುವವರು ಆ ಇಬ್ಬರು ಯಾವ ದರ್ಜೆಯವರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಪೂರ್ವಪಕ್ಷ:
ದರ್ಜೆಯ ಬಗ್ಗೆ ನನಗೆ ತಕರಾರಿಲ್ಲ. ಮೂರನೆಯವರಿಗೆ ಬಾಗಿಲು ತೆರೆದಿತ್ತೇ ಎಂಬುದಷ್ಟೇ ನನ್ನ ಪ್ರಶ್ನೆ. ಡಬ್ಲಿನ್‌ನ ಆಟಗಾರರು ಎಲ್ಲಿದ್ದರು? ಸವಾಲಿನ ಪದ್ಧತಿಯಲ್ಲಿ ಸವಾಲು ಹಾಕಲು ಹಣ ಬೇಕು, ಹೆಸರು ಬೇಕು. ಎರಡೂ ಇರುವವನು ಅದಾಗಲೇ ಅರ್ಧ ಚಾಂಪಿಯನ್.

ಡಬ್ಲಿನ್‌ವಾಸಿ:
ಡಬ್ಲಿನ್‌ನಲ್ಲಿ ಹುಟ್ಟಿದ ಪ್ಯಾಟ್ಸಿ ಫೇಗನ್ ಇದ್ದರು. 1977ರಲ್ಲಿ ಮೊದಲ ಬಾರಿಗೆ ನಡೆದ ಯುಕೆ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಅವರು ವೇಲ್ಸ್‌ನ ಡಗ್ ಮೌಂಟ್‌ಜಾಯ್ ಅವರನ್ನು 12–9ರಿಂದ ಸೋಲಿಸಿದರು. ಆ ಪಂದ್ಯಾವಳಿಗೆ ಆಗ ಬ್ರಿಟನ್ ನಿವಾಸಿಗಳಿಗೆ ಮತ್ತು ಅಲ್ಲಿನ ಪಾಸ್‌ಪೋರ್ಟ್ ಉಳ್ಳವರಿಗೆ ಮಾತ್ರ ಪ್ರವೇಶವಿತ್ತು. ಫೇಗನ್ ಬೆಳೆದದ್ದು ಲಂಡನ್‌ನಲ್ಲಿ, ಹಾಗಾಗಿ ಅರ್ಹರಾದರು. ಬ್ರಿಟನ್ನಿನವರಿಗೆಂದೇ ಇಟ್ಟ ಪಟ್ಟವನ್ನು ಮೊದಲು ಎತ್ತಿದವರು ಡಬ್ಲಿನ್‌ನಲ್ಲಿ ಹುಟ್ಟಿದವರು ಎಂಬುದನ್ನು ಇಲ್ಲಿನವರು ಇಂದಿಗೂ ಸಂತೋಷದಿಂದ ನೆನೆಯುತ್ತಾರೆ.

1981ರ ಐರಿಷ್ ಫೈನಲ್‌ನಲ್ಲಿ ಇದೇ ಫೇಗನ್ ಟೇಲರ್ ಎದುರು 22–21ರಿಂದ ಸೋತರು. ನಲವತ್ತಮೂರು ಫ್ರೇಮುಗಳಲ್ಲಿ ಕೊನೆಯದೊಂದು ಆಚೀಚೆ ಆಗಿದ್ದರೆ ಈ ಚರ್ಚೆಯ ಮೊದಲ ವಾಕ್ಯಗಳನ್ನೇ ಬದಲಿಸಿ ಬರೆಯಬೇಕಾಗುತ್ತಿತ್ತು.

ಕೆಂಪು ಹದಿನೈದು:
ಫೇಗನ್ ಅವರಿಗೆ ಆಮೇಲೆ ರೆಸ್ಟ್ (ದೂರದ ಚೆಂಡಿಗೆ ಕ್ಯೂ ಆನಿಸುವ ಕೋಲು) ಬಳಸುವಾಗ ಕೈ ಮುಂದಕ್ಕೆ ಹೋಗದಂಥ ತೊಂದರೆ ಕಾಡಿತು. ಚೆಂಡಿನ ಹಿಂದೆ ಕ್ಯೂ ಆಡಿಸುತ್ತಲೇ ಇರುತ್ತಿದ್ದರು, ಹೊಡೆಯಲು ಆಗುತ್ತಿರಲಿಲ್ಲ. ಆ ತೊಂದರೆ ಇಲ್ಲದಿದ್ದರೆ ಎಂಬತ್ತರ ದಶಕದ ಐರಿಷ್ ಪಟ್ಟಿಯಲ್ಲಿ ಅವರ ಹೆಸರು ಇರುತ್ತಿತ್ತು ಎಂಬುದು ನನ್ನ ಬಲವಾದ ನಂಬಿಕೆ.

ಶಿವಾಜಿನಗರದ ಕ್ಯೂ:
1985ರ ಕಪ್ಪು ಚೆಂಡಿನ ಫೈನಲ್ ಬಗ್ಗೆ ಯಾರೂ ಮಾತನಾಡದಿರುವುದು ಆಶ್ಚರ್ಯ. ಟೇಲರ್ ಎಂದರೆ ನಮ್ಮಲ್ಲಿ ಎಲ್ಲರಿಗೂ ಅದೊಂದೇ ನೆನಪು.

ಹಳೇ ಮಾರ್ಕರ್:
ಅದು ವಿಶ್ವ ಚಾಂಪಿಯನ್‌ಷಿಪ್‌ನ ಕಥೆಯಾದ್ದರಿಂದ ಇಲ್ಲಿ ಅದಕ್ಕೆ ಹೆಚ್ಚು ಜಾಗವಿಲ್ಲ. ಆದರೂ ಸಂಬಂಧವಿರುವಷ್ಟನ್ನು ಹೇಳಬಹುದು. ಸ್ಟೀವ್ ಡೇವಿಸ್ ಎದುರು ಟೇಲರ್ 18–17ರಿಂದ, ಕೊನೆಯ ಫ್ರೇಮಿನ ಕೊನೆಯ ಚೆಂಡಾದ ಕಪ್ಪಿನಲ್ಲಿ ಗೆದ್ದಾಗ ಬ್ರಿಟನ್ನಿನಲ್ಲಿ ಮಧ್ಯರಾತ್ರಿ ದಾಟಿತ್ತು, ಆದರೂ 1 ಕೋಟಿ 85 ಲಕ್ಷ ಜನ ಟಿವಿಯ ಮುಂದಿದ್ದರು. ಅದೇ ವರ್ಷ ಐರಿಷ್ ಪಟ್ಟವೂ ಟೇಲರ್ ಅವರದೇ. ಅದೇ ಬೇಸಿಗೆಯಲ್ಲಿ ಬಾಕ್ಸರ್ ಬ್ಯಾರಿ ಮೆಕ್‌ಗುಯಿಗನ್ ಲಂಡನ್‌ನಲ್ಲಿ ವಿಶ್ವ ಪಟ್ಟ ಗೆದ್ದರು. ಗಡಿಯ ಎರಡೂ ಬದಿಯವರು ತಮ್ಮವರೆಂದು ಹೇಳಿಕೊಳ್ಳಬಹುದಾದ ಇಬ್ಬರು ಒಂದೇ ವರ್ಷ ಸಿಕ್ಕಿದರು.

ಡಬ್ಲಿನ್‌ವಾಸಿ:
ಅದೇ 1985ರಲ್ಲಿ ಮೂರನೆಯದೊಂದು ಸಂಗತಿಯೂ ನಡೆಯಿತು, ಮತ್ತು ಅದು ಈ ಚರ್ಚೆಗೆ ಹೆಚ್ಚು ಹತ್ತಿರದ್ದು. ತಂಡಗಳ ವಿಶ್ವಕಪ್‌ನಲ್ಲಿ ಹಿಗ್ಗಿನ್ಸ್, ಟೇಲರ್ ಮತ್ತು ಯೂಜೀನ್ ಹ್ಯೂಸ್ ಮೂವರೂ ಐರ್ಲೆಂಡ್ ಎಂಬ ಒಂದೇ ಹೆಸರಿನಲ್ಲಿ ಆಡಿ ಗೆದ್ದರು. 1986 ಮತ್ತು 1987ರಲ್ಲೂ ಗೆದ್ದು, ಸತತ ಮೂರು ವರ್ಷ ಕಪ್ ತಮ್ಮಲ್ಲೇ ಇಟ್ಟುಕೊಂಡರು.

ಶಿವಾಜಿನಗರದ ಕ್ಯೂ:
ಮೂವರೂ ಉತ್ತರ ಐರ್ಲೆಂಡಿನವರಾದ್ದರಿಂದ ಅದನ್ನು ಒಗ್ಗೂಡಿದ ತಂಡ ಎನ್ನುವುದು ಹೇಗೆ?

ಡಬ್ಲಿನ್‌ವಾಸಿ:
ಹ್ಯೂಸ್ ಉತ್ತರದವರಲ್ಲ. ಅವರು ಡಬ್ಲಿನ್‌ಗೆ ಅಂಟಿಕೊಂಡಿರುವ ಬಂದರು ಪಟ್ಟಣ ಡನ್ ಲೇರಿಯವರು. ಪ್ರಾಟೆಸ್ಟಂಟ್ ಬೆಲ್‌ಫಾಸ್ಟ್, ಕ್ಯಾಥೊಲಿಕ್ ಟೈರೋನ್ ಮತ್ತು ಗಣರಾಜ್ಯದ ಡಬ್ಲಿನ್ ಒಂದೇ ಮೇಜಿನ ಸುತ್ತ ಕುಳಿತ ತಂಡವದು. ರಾಜಕಾರಣಿಗಳಿಗೆ ಆಗ ಅಂಥ ಮೇಜು ಕನಸಿನ ಮಾತಾಗಿತ್ತು.

ಪೂರ್ವಪಕ್ಷ:
ಈ ಕಥೆಯ ಸಿಹಿಯ ಭಾಗವನ್ನಷ್ಟೇ ಹೇಳಿದರೆ ಸಾಲದು. 1990ರ ಹೊತ್ತಿಗೆ ವಿಶ್ವಕಪ್‌ನಲ್ಲಿ ಉತ್ತರ ಐರ್ಲೆಂಡ್ ಬೇರೆ ತಂಡವಾಗಿ ಆಡಿ, ಬೋರ್ನ್‌ಮತ್‌ನಲ್ಲಿ ಕೆನಡಾ ಎದುರು ಫೈನಲ್ ಸೋತಿತು. ಅಲ್ಲಿ ಜಗಳವಾಗಿ ಹಿಗ್ಗಿನ್ಸ್ ತಮ್ಮದೇ ತಂಡದ ಟೇಲರ್‌ಗೆ, ನೀನು ಊರಿಗೆ ಬಂದಾಗ ಗುಂಡು ಹೊಡೆಸುತ್ತೇನೆ ಎಂಬರ್ಥದ ಬೆದರಿಕೆ ಹಾಕಿದರು. ಬೇರೆ ನಾಡಿನಲ್ಲಾದರೆ ಕುಡಿದವನ ಮಾತೆಂದು ಬಿಟ್ಟುಬಿಡಬಹುದಿತ್ತು. 1990ರ ಉತ್ತರ ಐರ್ಲೆಂಡಿನಲ್ಲಿ, ಕ್ಯಾಥೊಲಿಕ್ ಕುಟುಂಬದ ವ್ಯಕ್ತಿಗೆ ಬೆಲ್‌ಫಾಸ್ಟ್‌ನವನು ಹೇಳಿದ ಆ ಮಾತಿನ ತೂಕ ಬೇರೆ. ನೀವು ಹೇಳುವ ಒಂದೇ ಮೇಜು ಅಷ್ಟು ಗಟ್ಟಿಯಾಗಿತ್ತೇ?

ಕಪ್ಪುಚೆಂಡು:
ಅದಾದ ಕೆಲವೇ ದಿನಗಳಲ್ಲಿ ಐರಿಷ್ ಮಾಸ್ಟರ್ಸ್ ಎಂಬ ಬೇರೊಂದು ಪಂದ್ಯಾವಳಿಯ ಕ್ವಾರ್ಟರ್ ಫೈನಲ್‌ನಲ್ಲಿ ಇಬ್ಬರೂ ಎದುರಾಗಿ, ಟೇಲರ್ 5–2ರಿಂದ ಗೆದ್ದರು. ಉತ್ತರವನ್ನು ಕ್ಯೂನಿಂದಲೇ ಕೊಟ್ಟರು.

ಡಬ್ಲಿನ್‌ವಾಸಿ:
ಪೂರ್ವಪಕ್ಷ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಬ್ಬ ಮನುಷ್ಯನ ಹದಗೆಟ್ಟ ಮನಃಸ್ಥಿತಿಯನ್ನು ಇಡೀ ಏರ್ಪಾಡಿನ ಮೇಲೆ ಹೇರಬಾರದು. ಹಿಗ್ಗಿನ್ಸ್ ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪತ್ರಿಕಾ ಅಧಿಕಾರಿಯೊಬ್ಬರ ಮೇಲೂ ಕೈಮಾಡಿ ನಿಷೇಧಕ್ಕೆ ಒಳಗಾದರು. ಅಲ್ಲಿ ಗಡಿಯ ಪ್ರಶ್ನೆ ಇರಲಿಲ್ಲ.

ಹಸಿರುಮೇಜು:
ಹಾಗಾದರೆ 1987ರ ನಂತರ ಇಬ್ಬರ ಹಿಡಿತ ಸಡಿಲವಾದುದು ಹೇಗೆ?

ಫ್ರೇಮುಗಣಕ:
1987ರಲ್ಲಿ ಟೇಲರ್ ಜೋ ಓ'ಬಾಯ್ ಅವರನ್ನು 9–2ರಿಂದ ಸೋಲಿಸಿ ಸತತ ಮೂರನೆಯ ಬಾರಿ ಗೆದ್ದರು. 1988ರಲ್ಲಿ ಜಾಕ್ ಮೆಕ್‌ಲಾಫ್ಲಿನ್ ಫೈನಲ್‌ನಲ್ಲಿ ಟೇಲರ್ ಅವರನ್ನೇ 9–4ರಿಂದ ಸೋಲಿಸಿದರು. ಹಿಗ್ಗಿನ್ಸ್ 1972ರಲ್ಲಿ ಪಟ್ಟ ಗೆದ್ದ ಮೇಲೆ ಆ ಇಬ್ಬರಲ್ಲದವರು ಗೆದ್ದದ್ದು ಅದೇ ಮೊದಲು. ನಾಕೌಟ್ ಪದ್ಧತಿ ತನ್ನ ಕೆಲಸ ಮಾಡಿತೆಂದೇ ನಾನು ಓದಿಕೊಳ್ಳುತ್ತೇನೆ.

ಕಪ್ಪುಚೆಂಡು:
ಮರುವರ್ಷವೇ ಹಿಗ್ಗಿನ್ಸ್ ಅದನ್ನು ಕಿತ್ತುಕೊಂಡರಲ್ಲ! 1989ರ ಜನವರಿಯಲ್ಲಿ ಮ್ಯಾಂಚೆಸ್ಟರ್‌ನ ಮನೆಯೊಂದರ ಕಿಟಕಿಯಿಂದ ಬಿದ್ದು ಕಾಲಿನ ಗೆಣ್ಣು ಮುರಿದುಕೊಂಡಿದ್ದರು. ಕುಂಟುತ್ತಲೇ ಮೇಜಿನ ಸುತ್ತ ಓಡಾಡಿ, ಐರಿಷ್ ಫೈನಲ್‌ನಲ್ಲಿ ಮೆಕ್‌ಲಾಫ್ಲಿನ್ ಅವರನ್ನು 9–7ರಿಂದ ಸೋಲಿಸಿದರು. ಸ್ನೂಕರ್‌ನಲ್ಲಿ ಕಾಲಿಗೇನು ಕೆಲಸ ಎನ್ನುವವರು ಒಮ್ಮೆ ಒಂಟಿಕಾಲಿನಲ್ಲಿ ನಿಂತು, ಮೈ ಬಗ್ಗಿಸಿ, ತಲೆ ಅಲುಗಿಸದೆ ಹೊಡೆದು ನೋಡಲಿ. ಹೊಡೆತದ ನೇರವೆಲ್ಲ ನಿಲುವಿನ ಮೇಲೆ ನಿಂತಿದೆ. ಅದೇ ವಸಂತದಲ್ಲಿ ಕಿಲ್ಡೇರ್ ಜಿಲ್ಲೆಯ ಗಾಫ್ಸ್‌ನಲ್ಲಿ, ಅಂದರೆ ಕುದುರೆ ಹರಾಜು ನಡೆಯುವ ವೃತ್ತಾಕಾರದ ಅಖಾಡದಲ್ಲಿ, ಇಪ್ಪತ್ತರ ಸ್ಟೀಫನ್ ಹೆಂಡ್ರಿ ಅವರನ್ನು 9–8ರಿಂದ ಸೋಲಿಸಿ ಐರಿಷ್ ಮಾಸ್ಟರ್ಸ್ ಕೂಡ ಗೆದ್ದರು.

ಅಷ್ಟೊಂದು ರಂಗೇರಿದ ವರ್ಷದಲ್ಲೇ ಚಾಂಪಿಯನ್‌ಷಿಪ್ ನಿಂತುಹೋಯಿತು.

ಶಿವಾಜಿನಗರದ ಕ್ಯೂ:
ನಿಲ್ಲಿಸಿದವರು ಯಾರು?

ಹಳೇ ಮಾರ್ಕರ್:
ವೃತ್ತಿಪರ ಆಟಗಾರರ ಸಂಸ್ಥೆಯೇ. ಎಂಬತ್ತರ ದಶಕದಲ್ಲಿ ಯಾವ ದೇಶ ತನ್ನ ವೃತ್ತಿಪರ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸುತ್ತದೋ ಅದಕ್ಕೆ ಪ್ರತಿ ಆಟಗಾರನ ಲೆಕ್ಕದಲ್ಲಿ 1,000 ಪೌಂಡ್ ಸಹಾಯಧನವನ್ನು ಆ ಸಂಸ್ಥೆ ಕೊಡುತ್ತಿತ್ತು. 1989ರಲ್ಲಿ ಆ ನೀತಿಯನ್ನು ಕೈಬಿಟ್ಟಿತು. ಐರಿಷ್ ಚಾಂಪಿಯನ್‌ಷಿಪ್ ಮಾತ್ರವಲ್ಲ, ಇಂಗ್ಲಿಷ್ ಮತ್ತು ಸ್ಕಾಟಿಷ್ ಚಾಂಪಿಯನ್‌ಷಿಪ್‌ಗಳೂ ಆ ವರ್ಷವೇ ಬಾಗಿಲು ಹಾಕಿದವು. ವೇಲ್ಸ್‌ನದು ಮಾತ್ರ 1991ರವರೆಗೆ ಉಸಿರಾಡಿ, ಮರುವರ್ಷ ಎಲ್ಲ ದೇಶದವರಿಗೂ ತೆರೆದ ವೆಲ್ಷ್ ಓಪನ್ ಆಗಿ ಮಾರ್ಪಟ್ಟಿತು.

ಸಂಸ್ಥೆಯ ಕಡೆಯಿಂದ ಯೋಚಿಸಿದರೆ ಅದರಲ್ಲಿ ಲೆಕ್ಕಾಚಾರವಿತ್ತು. ಶ್ರೇಯಾಂಕದ ಅಂಕಗಳಿರುವ ಅಂತರರಾಷ್ಟ್ರೀಯ ಪಂದ್ಯಾವಳಿಗಳು ಹೆಚ್ಚುತ್ತಿದ್ದವು, ಟಿವಿಯ ಹಣ ಅಲ್ಲಿತ್ತು. ರಾಷ್ಟ್ರೀಯ ಪಟ್ಟಕ್ಕೆ ಶ್ರೇಯಾಂಕದ ಅಂಕಗಳಿರಲಿಲ್ಲ. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ಕೆಳಗಿನ ಶ್ರೇಯಾಂಕದ ಆಟಗಾರರಿಗೆ ವರ್ಷಕ್ಕೊಮ್ಮೆ ತಮ್ಮ ಊರಿನವರ ಮುಂದೆ ದೊಡ್ಡವರ ಎದುರು ಆಡುವ ಅವಕಾಶ ಹೋಯಿತು ಎಂಬುದು ಆ ಲೆಕ್ಕದಲ್ಲಿ ಬರಲಿಲ್ಲ. ಮೆಕ್‌ಲಾಫ್ಲಿನ್ ಅಂಥವರು ಹೆಸರು ಮಾಡಿದ್ದೇ ಇಂಥ ಪಂದ್ಯಾವಳಿಯಿಂದ.

ಕೆಂಪು ಹದಿನೈದು:
ಸ್ಕಾಟ್ಲೆಂಡಿನ ಉದಾಹರಣೆ ಈ ಮಾತಿಗೆ ಇನ್ನೂ ಒತ್ತು ಕೊಡುತ್ತದೆ. ಹೆಂಡ್ರಿ 1986ರಲ್ಲಿ ಹದಿನೇಳರ ವಯಸ್ಸಿನಲ್ಲಿ ಸ್ಕಾಟಿಷ್ ವೃತ್ತಿಪರ ಪಟ್ಟ ಗೆದ್ದು, ಇನ್ನೆರಡು ಬಾರಿ ಉಳಿಸಿಕೊಂಡರು. ಅವರ ಮೊದಲ ವಿಶ್ವ ಪಟ್ಟ ಬಂದದ್ದು 1990ರಲ್ಲಿ. ಊರಿನ ಪಟ್ಟ ಎಳೆಯರಿಗೆ ಗೆಲ್ಲುವುದನ್ನು ಅಭ್ಯಾಸ ಮಾಡಿಸುತ್ತಿತ್ತು.

ಶಿವಾಜಿನಗರದ ಕ್ಯೂ:
ಇದನ್ನು ಓದುವಾಗ ನಮ್ಮ ಕಡೆಯ ಸ್ಥಿತಿ ನೆನಪಾಗುತ್ತದೆ. ಭಾರತದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇದೆ, ಆದರೆ ವೃತ್ತಿಪರರಿಗಾಗಿ ಪ್ರತ್ಯೇಕ ಪಟ್ಟ ಇಲ್ಲ. ಬೆಂಗಳೂರಿನ ಪಂಕಜ್ ಅಡ್ವಾಣಿ 2012ರಿಂದ ಎರಡು ಋತುಗಳು ವೃತ್ತಿಪರ ಸರ್ಕ್ಯೂಟ್‌ನಲ್ಲಿ ಆಡಿ, 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಹೋದರು. ಅಂದರೆ, ವೇಲ್ಸ್‌ನ ರಾಷ್ಟ್ರೀಯ ಪಟ್ಟ ಹೋಗಿ ಆ ಜಾಗದಲ್ಲಿ ಮುಕ್ತ ಪಂದ್ಯಾವಳಿ ಬಂದದ್ದರಿಂದಲೇ ನಮ್ಮವರೊಬ್ಬರಿಗೆ ಅಲ್ಲಿ ಆಡುವ ಅವಕಾಶ ಸಿಕ್ಕಿತು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ಮುಚ್ಚಿದ್ದಕ್ಕೆ ಅಳುವ ಮುನ್ನ ಇದನ್ನೂ ಯೋಚಿಸಬೇಕಲ್ಲವೇ?

ಡಬ್ಲಿನ್‌ವಾಸಿ:
ಅದು ಒಪ್ಪತಕ್ಕ ಮಾತು. ಭಾರತ–ಐರ್ಲೆಂಡ್ ಸಂಬಂಧದ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ: ಓಂ ಅಗರ್‌ವಾಲ್ 1984ರಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪಟ್ಟ ಗೆದ್ದದ್ದು ಡಬ್ಲಿನ್‌ನಲ್ಲಿ. ಐದು ವರ್ಷಗಳ ನಂತರ ಸಿಂಗಪುರದಲ್ಲಿ ಅದೇ ಪಟ್ಟ ಗೆದ್ದವರು ಡಬ್ಲಿನ್‌ನ ರ‍್ಯಾನಲಾ ಬಡಾವಣೆಯ ಕೆನ್ ಡೋಹರ್ಟಿ.

ಹಸಿರುಮೇಜು:
ಡೋಹರ್ಟಿ ಅವರ ಹೆಸರು ಬಂದದ್ದು ಒಳ್ಳೆಯದಾಯಿತು. ಅವರು 1997ರಲ್ಲಿ ಹೆಂಡ್ರಿ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದವರು. ಐರಿಷ್ ಪಟ್ಟ ಅವರ ಕೈಗೆ ಬಂದದ್ದು ಯಾವಾಗ?

ಫ್ರೇಮುಗಣಕ:
1992ರಲ್ಲಿ ಚಾಂಪಿಯನ್‌ಷಿಪ್‌ಗೆ ಮತ್ತೆ ಜೀವ ಕೊಡಲಾಯಿತು. ಆ ವರ್ಷ ಬೆಲ್‌ಫಾಸ್ಟ್‌ನ ಜೋ ಸ್ವೇಲ್ ಫೈನಲ್‌ನಲ್ಲಿ ಡೋಹರ್ಟಿ ಅವರನ್ನು 9–1ರಿಂದ ಹಣ್ಣುಗಾಯಿ ನೀರುಗಾಯಿ ಮಾಡಿದರು. 1993ರಲ್ಲಿ ಡೋಹರ್ಟಿ ಸ್ಟೀಫನ್ ಮರ್ಫಿ ಎದುರು 9–2ರಿಂದ ಗೆದ್ದರು. ಆಮೇಲೆ ಮತ್ತೆ ಹನ್ನೆರಡು ವರ್ಷಗಳ ಮೌನ. 2005ರಲ್ಲಿ ಮೂರನೆಯ ಬಾರಿ ಎಬ್ಬಿಸಿದಾಗ ಸ್ವೇಲ್ ಗೆದ್ದರು, 2006 ಮತ್ತು 2007ರಲ್ಲಿ ಡೋಹರ್ಟಿ.

ಪೂರ್ವಪಕ್ಷ:
ಮತ್ತೆ ಇಬ್ಬರೇ!

ಫ್ರೇಮುಗಣಕ:
ಈ ಬಾರಿ ಒಬ್ಬರು ಬೆಲ್‌ಫಾಸ್ಟ್‌ನವರು, ಇನ್ನೊಬ್ಬರು ಡಬ್ಲಿನ್‌ನವರು. ಅಷ್ಟು ವ್ಯತ್ಯಾಸವನ್ನಾದರೂ ಒಪ್ಪಿಕೊಳ್ಳಿ.

ಕಪ್ಪುಚೆಂಡು:
2005 ಮತ್ತು 2006ರ ಪಂದ್ಯಾವಳಿಗಳಿಗೆ ಹಿಗ್ಗಿನ್ಸ್ ಕೂಡ ಬಂದಿದ್ದರು. ಗಂಟಲಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಮೈ ಸೊರಗಿದ್ದ ಕಾಲವದು. ಎರಡೂ ಬಾರಿ ಮೊದಲ ಸುತ್ತಿನಲ್ಲೇ ಸೋತರು. ಮೊದಲ ಬಾರಿ ಗ್ಯಾರಿ ಹಾರ್ಡಿಮನ್ ಎದುರು, ಎರಡನೆಯ ಬಾರಿ ಜೋ ಡೆಲೇನಿ ಎದುರು. ಅಂಥವರನ್ನು ಆಡಲು ಬಿಡಬಾರದಿತ್ತು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ದೊಡ್ಡ ಸರ್ಕ್ಯೂಟ್‌ನಲ್ಲಿ ಅವರಿಗೆ ಜಾಗ ಉಳಿದಿರಲಿಲ್ಲ, ಐದು ಬಾರಿ ಗೆದ್ದ ಊರಿನ ಪಟ್ಟಕ್ಕೆ ಹೆಸರು ಕೊಡುವ ಹಕ್ಕನ್ನು ಯಾರೂ ಕಿತ್ತುಕೊಳ್ಳಬಾರದು.

ಹಳೇ ಮಾರ್ಕರ್:
ನೂರಕ್ಕೆ ನೂರು ಒಪ್ಪುತ್ತೇನೆ.

ಕೆಂಪು ಹದಿನೈದು:
ಈಗ ಅದನ್ನು ಮತ್ತೆ ಆರಂಭಿಸುವುದು ಸಾಧ್ಯವೇ? ಸ್ಕಾಟ್ಲೆಂಡಿನವರು 2011ರಲ್ಲಿ ತಮ್ಮ ಚಾಂಪಿಯನ್‌ಷಿಪ್ಪನ್ನು ಮತ್ತೆ ನಡೆಸಿದರು, ಜಾನ್ ಹಿಗ್ಗಿನ್ಸ್ ಗೆದ್ದರು. ಅವರಿಗೂ ಅಲೆಕ್ಸ್‌ಗೂ ಯಾವ ಬಂಧುತ್ವವೂ ಇಲ್ಲ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಡಬ್ಲಿನ್‌ವಾಸಿ:
ಇಚ್ಛೆಯಿದ್ದರೂ ಜಾಗವಿಲ್ಲ. 2016ರಿಂದ ಬೆಲ್‌ಫಾಸ್ಟ್‌ನಲ್ಲಿ ನಾರ್ದರ್ನ್ ಐರ್ಲೆಂಡ್ ಓಪನ್ ಎಂಬ ಶ್ರೇಯಾಂಕ ಪಂದ್ಯಾವಳಿ ನಡೆಯುತ್ತಿದೆ. ಅದರ ಟ್ರೋಫಿಗೆ ಅಲೆಕ್ಸ್ ಹಿಗ್ಗಿನ್ಸ್ ಅವರದೇ ಹೆಸರು. ಆಂಟ್ರಿಮ್‌ನ ಮಾರ್ಕ್ ಆಲನ್ 2021 ಮತ್ತು 2022ರಲ್ಲಿ ಅದನ್ನು ಸತತವಾಗಿ ಗೆದ್ದರು. ಅಂಕವಿದೆ, ಹಣವಿದೆ, ಪ್ರೇಕ್ಷಕರಿದ್ದಾರೆ. ಆದರೆ ಅಲ್ಲಿ ಚೀನಾದವರಿಗೂ ಥಾಯ್ಲೆಂಡಿನವರಿಗೂ ಇರುವಷ್ಟೇ ಹಕ್ಕು ಡಬ್ಲಿನ್‌ನವರಿಗೂ ಇದೆ, ಹೆಚ್ಚಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಜೊತೆಗೆ ಉತ್ತರ ಐರ್ಲೆಂಡಿನ ಹೆಸರಿನಲ್ಲಿ ಆ ಸರಣಿ ಕಟ್ಟಲಾಗಿದೆ. ದಕ್ಷಿಣದ ಪಾಲಿಗೆ ಇದ್ದ ಐರಿಷ್ ಮಾಸ್ಟರ್ಸ್ ಕೂಡ 2005ರಲ್ಲೇ ಮುಗಿಯಿತು.

ಪೂರ್ವಪಕ್ಷ:
ಅಂದರೆ, ಬಂದೂಕುಗಳಿದ್ದ ಕಾಲದಲ್ಲಿ ದ್ವೀಪಕ್ಕೆ ಒಂದೇ ಪಟ್ಟವಿತ್ತು, ಶಾಂತಿ ಬಂದು ಗಡಿಯಲ್ಲಿ ಕಾವಲು ಇಲ್ಲವಾದ ಮೇಲೆ ಪಂದ್ಯಾವಳಿಗೆ ಗಡಿಯ ಹೆಸರು ಬಂತು. ಇಷ್ಟು ಹೊತ್ತು ವಾದಿಸಿದ ನನಗೂ ಇದು ಸರಿಯೆನಿಸುತ್ತಿಲ್ಲ.

ಹಳೇ ಮಾರ್ಕರ್:
ಹೆಸರು ಇಟ್ಟವರು ಟಿವಿಯವರು ಮತ್ತು ಪ್ರಾಯೋಜಕರು, ಗಡಿಯಲ್ಲ. ಡಬ್ಲಿನ್‌ನಲ್ಲಿ ಪ್ರಾಯೋಜಕರೊಬ್ಬರು ಮುಂದೆ ಬಂದು, ಉತ್ತರ ದಕ್ಷಿಣದ ವೃತ್ತಿಪರರಿಗೆ ಮೂರು ದಿನ ಬಿಡುವಿರುವ ವಾರವೊಂದನ್ನು ಕ್ಯಾಲೆಂಡರಿನಲ್ಲಿ ಹುಡುಕಿಕೊಟ್ಟರೆ ನಾಳೆಯೇ ನಡೆಸಬಹುದು. 2007ರ ನಂತರ ಪಟ್ಟಕ್ಕಾಗಿ ಯಾರೂ ಆಡಿಲ್ಲ.

ಶಿವಾಜಿನಗರದ ಕ್ಯೂ:
ಹಾಗೆ ನಡೆಸುವುದಾದರೆ ಫೈನಲ್ ಒಂಬತ್ತಕ್ಕೇ ನಿಲ್ಲದಿರಲಿ, ಹದಿನಾರು ಫ್ರೇಮಿಗಾದರೂ ಇಡಲಿ.

ಫ್ರೇಮುಗಣಕ:
ಹದಿನಾರಕ್ಕೆ ಎರಡು ಪೂರ್ತಿ ದಿನ ಬೇಕು. ಹಳೇ ಮಾರ್ಕರ್ ಕೊಟ್ಟಿರುವುದು ಒಟ್ಟು ಮೂರೇ ದಿನ.